ತುಂಗತ್ತೆಯ ಪಾಲಿನ ಮಾವಿನ ಐಸು

ತುಂಗತ್ತೆ ಮಾವಿನ ಐಸಿನ ಹದವನ್ನು ಕಿವಿಯಿಂದ ನೋಡುತ್ತಿದ್ದಳು. ರಸ ತುಂಬಿ ಮುಚ್ಚಳ ಬಿಗಿದ ತಂಬಿಗೆಯನ್ನು ಐಸು, ಹರಳುಪ್ಪು ಹಾಕಿದ ಬಕೆಟ್ಟಿನಲ್ಲಿಟ್ಟು ಗರಗರ ತಿರುಗಿಸುವಳು. ನಡುನಡುವೆ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುವಳು. ರಸ ಕುಲುಕುವ ಸದ್ದು ನಿಂತಿತೆಂದರೆ, “ಬರ್ರೋ ಹುಡುಗೂರ್ಯಾ, ಗಟ್ಟಿ ಆತು!” ಎಂದು ಕೂಗು.

ಅವಳು ಅಪ್ಪನ ಅಕ್ಕ. ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಧಾರವಾಡದ ನಮ್ಮ ಮನೆ ಸೇರಿದ್ದಳು. ಎರಡನೇ ಮಹಾಯುದ್ಧಕ್ಕೆ ಮುಂಚಿನ ಮಾತು. ಬೇಸಿಗೆ ಸೂಟಿಯಲ್ಲಿ ಅಪ್ಪ ಹುಬ್ಬಳ್ಳಿಯಿಂದ ಗೋಣಿಯಲ್ಲಿ ಸುತ್ತಿ ಐಸು ತರುತ್ತಿದ್ದ. ಮನೆ ಮುಟ್ಟುವುದರೊಳಗೆ ಅರ್ಧ ಕರಗಿ ರೈಲಿಗೇ ನೈವೇದ್ಯವಾಗಿರುತ್ತಿತ್ತು. “ಪ್ಯಾಟ್ಯಾಗಿನ ಬಣ್ಣದ ನೀರು ಕುಡದು ಗಂಟಲಾ ಹಾಳ ಮಾಡ್ಕೋಬ್ಯಾಡ್ರಿ” ಎಂದು ಅತ್ತೆ ಆಪೂಸಿನ ರಸಕ್ಕೆ ಚೂರು ಜೇನು, ಏಲಕ್ಕಿ ಬಿಟ್ಟು ಬೇರೇನೂ ಬೆರೆಸುತ್ತಿರಲಿಲ್ಲ.

ಆದರೆ ತಾನು ಒಂದು ಚಮಚವನ್ನೂ ಬಾಯಿಗಿಟ್ಟವಳಲ್ಲ. “ಮಿಶಿನ್ನಿನ ಐಸು. ಯಾವ ನೀರೋ, ಯಾರ ಕೈಯೋ. ಮಡಿಯಾಕಿಗೆ ನಡಿಯೂದಿಲ್ಲ.” ನಾವು ತಿನ್ನುವಾಗ ಎದುರಿಗೇ ಕೂತು, “ಹ್ಯಾಂಗದ? ಹಲ್ಲು ಜುಂ ಅಂತಾವೇನು?” ಎಂದು ಕೇಳುವಳು. ಆಸೆ ಮುಖದ ಮೇಲೆಯೇ ಕಾಣುತ್ತಿತ್ತು.

ಒಂದು ಮಧ್ಯಾಹ್ನ ಅಂಗಳದ ತುಂಬ ಆಲಿಕಲ್ಲು ಬಿದ್ದವು. ಅತ್ತೆ ಸೆರಗು ಬಿಗಿದು ಓಡಿದಳು. “ಇದು ಆಕಾಶದ್ದೋ! ಇದಕ್ಕ ಮೈಲಿಗಿ ಇಲ್ಲ! ಲಗೂ ಆರಸ್ರಿ!” ಐವತ್ತರ ಹತ್ತಿರದ ಹೆಂಗಸು ನಮಗಿಂತ ಚುರುಕಾಗಿ ಬಕೆಟ್ಟು ತುಂಬಿಸಿದಳು. ತಂಬಿಗೆ ತಿರುಗಿತು, ಸದ್ದು ನಿಂತಿತು. ಮುಚ್ಚಳ ತೆಗೆದು ಚಮಚ ಎತ್ತಿದವಳು ಹಾಗೆಯೇ ನಿಂತುಬಿಟ್ಟಳು.

“ಅಯ್ಯ, ಇವತ್ತ ಏಕಾದಶಿ!”

ಏಕಾದಶಿಯಂದು ಅವಳು ಹನಿ ನೀರನ್ನೂ ಮುಟ್ಟುತ್ತಿರಲಿಲ್ಲ. “ದೇವರು ಕೊಟ್ಟ, ತಿಥಿ ನೋಡಲಿಲ್ಲ” ಎಂದು ನಕ್ಕಳು. ಆ ದೇವರ ಮೇಲೆ ನನಗೆ ಇನ್ನೂ ಸಿಟ್ಟಿದೆ. ನಮಗೆಲ್ಲ ಬಡಿಸಿದಳು. ತನ್ನ ಪಾಲನ್ನು ತಂಬಿಗೆಯಲ್ಲೇ ಉಳಿಸಿ, ಉಳಿದ ಆಲಿಕಲ್ಲಿನಲ್ಲಿ ಹೂತು, ಮೇಲೆ ಮಡಿಯ ಉಣ್ಣೆ ಧಾಬಳಿ ಸುತ್ತಿಟ್ಟಳು.

ದ್ವಾದಶಿಯ ಬೆಳಿಗ್ಗೆ ಪೂಜೆ ಮುಗಿಸಿ ಬಂದು ತಂಬಿಗೆಯನ್ನು ಕಿವಿಗೆ ಹಿಡಿದಳು. ರಸ ಕುಲುಕಿತು. ದೂರ ನಿಂತಿದ್ದ ನಮಗೂ ಕೇಳಿಸಿತು. ಆದರೂ ಕಣ್ಣು ಮುಚ್ಚಿ ನಿಧಾನವಾಗಿ ಕುಡಿದು ಕೇಳಿದಳು: “ನಿನ್ನೆ ಹಿಂಗ ಇತ್ತೇನು?”

“ಹೂಂ ಅತ್ತಿ, ಹಿಂಗ ಇತ್ತು,” ಎಂದೆವು.

ಮುಂದಿನ ಮಾವಿನ ಹೊತ್ತಿಗೆ ತುಂಗತ್ತೆ ಇರಲಿಲ್ಲ. ಆ ಬೇಸಿಗೆಯಲ್ಲೂ ಒಂದು ದಿನ ಆಲಿಕಲ್ಲು ಬಿದ್ದವು. ಅಪ್ಪ ಎದ್ದು ಹೋಗಿ ಪಂಚಾಂಗ ತೆರೆದು ನೋಡಿದ. “ಇವತ್ತ ಉಪವಾಸ ಇಲ್ಲ,” ಎಂದ. ನಾವು ಬಾಗಿಲಲ್ಲಿ ನಿಂತು ನೋಡಿದೆವು. ಆರಿಸಲು ಯಾರೂ ಅಂಗಳಕ್ಕಿಳಿಯಲಿಲ್ಲ.