ಮಾರ್ಸೆಲಿನ್ ಕಂಡ ಬಿನೊಂಡೊ

ಬಹರೈನಿಗೆ ಬಂದ ಮೇಲೆ ಮಾರ್ಸೆಲಿನ್ ವಿಮಾನ ಹತ್ತಿದ್ದು ಎಷ್ಟೋ ಸಲ. ಇಳಿದದ್ದು ಮಾತ್ರ ಯಾವಾಗಲೂ ಮಂಗಳೂರಿನಲ್ಲೇ. ರಜೆ ಎಂದರೆ ಊರು, ಊರೆಂದರೆ ಶಂಕರಪುರದ ತವರು, ಯಾರದಾದರೊಂದು ಮದುವೆ, ಮುಗಿಯಿತು. ಹಾಗಾಗಿ ಮಾಹೂಝ್‌ನ ಫ್ಲ್ಯಾಟಿನಲ್ಲಿ ಒಂದು ಸಂಜೆ ಮೀನುಸಾರು ಬಡಿಸುತ್ತಾ ಅವಳು, "ಈ ಸಲದ ರಜೆಗೆ ನಾನು ಮನಿಲಾಕ್ಕೆ ಹೋಗುವುದು" ಎಂದಾಗ ಗಂಡ ರೊಕಿಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ಮನಿಲಾಕ್ಕಾ? ಅಲ್ಲಿ ಎಂತ ಉಂಟು ಮಾರಾಯ್ತಿ?"

"ಕೋರಾ ಇದ್ದಾಳಲ್ಲ."

ರೊಕಿಗೆ ಹಿದ್‌ನ ಬಂದರಿನಲ್ಲಿ ಕೆಲಸ. ದಿನವಿಡೀ ಫೋನಿನಲ್ಲಿ ಮಾತಾಡಿ ಬರುವವನಾದ್ದರಿಂದ ಮನೆಯಲ್ಲಿ ಅವನ ಮಾತು ಕಡಿಮೆ. ತುತ್ತು ನುಂಗಿ, ಸ್ವಲ್ಪ ಯೋಚಿಸಿ ಹೇಳಿದ: "ಹೋಗಿ ಬಾ. ನಾನು ಬರುವುದಿಲ್ಲ. ನೀವಿಬ್ಬರು ಮಾತಿಗೆ ಕೂತರೆ ಮೂರನೆಯವನಿಗೆ ನೀರು ಕೊಡುವವರೂ ಇರುವುದಿಲ್ಲ."

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕೋರಾ ಎಂದರೆ ಕೊರಾಝೋನ್ ಚುವಾ. ಬಹರೈನಿನ ರಾಜಧಾನಿ ಮನಾಮಾದ ಕ್ಲಿನಿಕ್ಕಿನಲ್ಲಿ ಮಾರ್ಸೆಲಿನ್ ಜೊತೆ ನರ್ಸ್ ಆಗಿದ್ದವಳು. ಮನಿಲಾ ಪಟ್ಟಣದ ಬಿನೊಂಡೊ ಎಂಬ ಚೀನೀ ಪೇಟೆಯಲ್ಲಿ ಹುಟ್ಟಿ ಬೆಳೆದವಳು. ನೂರಾರು ವರ್ಷಗಳ ಹಿಂದೆ ಹಡಗಿನಲ್ಲಿ ಬಂದ ಚೀನೀ ವ್ಯಾಪಾರಿಗಳು, ಕ್ರೈಸ್ತರಾದ ಮೇಲೂ ಊದುಬತ್ತಿ ಬಿಡದೆ, ಅಲ್ಲೇ ಬೇರೂರಿ ಕಟ್ಟಿಕೊಂಡ ಪೇಟೆ ಅದು. ಮಧ್ಯಾಹ್ನ ಬ್ಯಾಂಡೇಜ್ ಪೊಟ್ಟಣಗಳ ನಡುವೆ ಕೂತು ಊಟದ ಡಬ್ಬಿ ಬಿಚ್ಚಿದರೆ ಸಾಕು, ಕೋರಾ ತನ್ನ ಪೇಟೆಯನ್ನೂ ಬಿಚ್ಚುತ್ತಿದ್ದಳು. ಚರ್ಚಿನ ಎದುರಿನ ಚೌಕ, ಕುದುರೆಗಾಡಿಗಳು, ಬಂಗಾರದಂಗಡಿಗಳ ಸಾಲು, ತೋಡಿನ ಮೇಲಿನ ಸೇತುವೆ, ಅದರಾಚೆ ಅವಳ ಅಪ್ಪನ ಒಣ ಅಣಬೆಯ ಅಂಗಡಿ. ಕೇಳಿ ಕೇಳಿ ಮಾರ್ಸೆಲಿನ್‌ಗೆ ಆ ದಾರಿ ಬಾಯಿಪಾಠವಾಗಿತ್ತು. ಅವಳು ಕಲಿಸಿದ "ಮಾರಾಯ್ತಿ" ಎಂಬ ಮಾತು ಕೋರಾಳ ಬಾಯಲ್ಲಿ "ಮಾರಾಯ್ಟಿ" ಆಗಿ ಇಡೀ ಕ್ಲಿನಿಕ್ಕಿಗೇ ಹಬ್ಬಿತ್ತು.

ಆಮೇಲೆ ಕೋರಾಳ ಕಣ್ಣು ಮಂಜಾಗತೊಡಗಿತು. ಗ್ಲಾಕೋಮಾ. ಔಷಧದ ಬಾಟಲಿಯ ಚೀಟಿಯನ್ನು ಅವಳು ಬೆಳಕಿಗೆ ಹಿಡಿದು ಓದುವುದನ್ನು ಮೊದಲು ಗಮನಿಸಿದ್ದೇ ಮಾರ್ಸೆಲಿನ್. ಕೆಲಸ ಬಿಟ್ಟು ಕೋರಾ ಮನಿಲಾಕ್ಕೆ, ತಮ್ಮನ ಮನೆಗೆ ಹೋದಳು. ಮೊದಮೊದಲು ಫೋನಿನಲ್ಲಿ ಗಂಟೆಗಟ್ಟಲೆ ಮಾತು. ಬರಬರುತ್ತ, ಕಣ್ಣು ಪೂರ್ತಿ ಹೋದಂತೆ, ಅದು ಸಣ್ಣದಾಗುತ್ತ ಬಂತು. "ಏನು ಮಾಡ್ತಿದ್ದೀ?" ಎಂದರೆ "ಕೂತಿದ್ದೇನೆ" ಎಂಬ ಒಂದೇ ಉತ್ತರ. ಮಾರ್ಸೆಲಿನ್‌ಗೆ ಕೇಳಿ ಸಾಕಾಗಿದ್ದು ಆ ಮಾತು.

ಮಾರ್ಸೆಲಿನ್ ಹೋಗಿ ಇಳಿದುಕೊಂಡ ಆ ತಮ್ಮನ ಮನೆ ಮನಿಲಾದ ಹೊರವಲಯದಲ್ಲಿತ್ತು. ಅವಳು ಬಹರೈನಿನ ಮುಹರ್‍ರಕ್‌ನಿಂದ ತಂದ ಹಲ್ವಾದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೋರಾ ಅತ್ತಳು, ನಕ್ಕಳು, ಬೆರಳಿಂದ ಮಾರ್ಸೆಲಿನ್‌ಳ ಮುಖ ಸವರಿ "ದಪ್ಪ ಆಗಿದ್ದೀ" ಎಂದಳು. ಆದರೆ ಬಿನೊಂಡೊಕ್ಕೆ ಹೋಗೋಣವೆಂದಾಗ ಅವಳ ಮುಖ ಗಂಟಿಕ್ಕಿತು.

"ನೀನು ಹೋಗು. ತಮ್ಮನ ಮಗ ಜುನ್ ಕರೆದುಕೊಂಡು ಹೋಗ್ತಾನೆ. ಆ ನೂಕುನುಗ್ಗಲಿನಲ್ಲಿ ನಾನು ಬಂದು ಎಂತ ನೋಡಲಿ?"

ಊರಿಗೆ ಬಂದ ಮೇಲೆ ಅವಳು ಆಸ್ಪತ್ರೆಯೊಂದು ಬಿಟ್ಟರೆ ಹೊಸ್ತಿಲು ದಾಟಿರಲಿಲ್ಲವೆಂದು ಜುನ್ ಪಿಸುಗುಟ್ಟಿದ. ಮಾರ್ಸೆಲಿನ್ ಎರಡು ದಿನ ಸುಮ್ಮನಿದ್ದಳು. ಮೂರನೆಯ ಬೆಳಿಗ್ಗೆ ಹಟಮಾರಿ ರೋಗಿಗಳ ಎದುರು ತೆಗೆಯುವ ದನಿ ತೆಗೆದಳು.

"ಕೋರಾ, ಚಪ್ಪಲಿ ಹಾಕು. ಯಲ್ಲಾ!"

ಗಲ್ಫಿನಲ್ಲಿ ದುಡಿದವರ ಕಾಲು, ಹೊರಡು ಎಂಬ ಆ ಅರಬ್ಬಿ ಮಾತಿಗೆ ತಾನಾಗಿ ಏಳುತ್ತದೆ. ಕೋರಾ ಗೊಣಗುತ್ತಲೇ ಎದ್ದಳು.

ಜುನ್ ಇಬ್ಬರನ್ನೂ ಬಿನೊಂಡೊ ಚರ್ಚಿನ ಮುಂದೆ ಇಳಿಸಿ ಕಾರು ನಿಲ್ಲಿಸಲು ಜಾಗ ಹುಡುಕಿಕೊಂಡು ಹೋದ. ಕೋರಾ ಮಾರ್ಸೆಲಿನ್‌ಳ ಮೊಣಕೈಯನ್ನು ಬಿಗಿಯಾಗಿ ಹಿಡಿದಿದ್ದಳು.

"ಎಂತ ಕಾಣ್ತದೆ ಹೇಳು."

"ಗಂಟೆಗೋಪುರ. ಕಲ್ಲಿನದ್ದು, ಎಂಟು ಮೂಲೆ. ಕೆಳಗೆ ಕುದುರೆಗಾಡಿ."

"ಕುದುರೆ ಸಣಕಲು ಉಂಟಾ?"

"ಪಾಪ, ಉಂಟು."

"ಹಾಗಾದರೆ ಸರಿಯಾದ ಜಾಗ. ನಡೆ."

ದಾರಿ ಹೇಳುವವಳಿಗೆ ಕಣ್ಣಿಲ್ಲ, ಕಣ್ಣಿದ್ದವಳು ಕಾಲಿಟ್ಟಿದ್ದು ಮೊದಲ ಸಲ. ಓಂಗ್‌ಪಿನ್ ರಸ್ತೆಯಲ್ಲಿ ಕೆಂಪು ದೀಪದ ಬುಟ್ಟಿಗಳು ತಲೆಯ ಮೇಲೆ ತೂಗುತ್ತಿದ್ದವು. ಅವುಗಳ ನಡುವೆ ಕಾಗೆ ಗೂಡಿನಂತೆ ಕರೆಂಟಿನ ತಂತಿಗಳು. ಬಂಗಾರದಂಗಡಿಗಳ ಗಾಜಿನ ಹಿಂದೆ ಹಳದಿ ಹೊಳಪು. ಮನಾಮಾದ ಚಿನ್ನದ ಪೇಟೆಯಲ್ಲಿ ಓಡಾಡಿದ ಮಾರ್ಸೆಲಿನ್‌ಗೆ ಅದೇನೂ ದೊಡ್ಡದೆನಿಸಲಿಲ್ಲ. ಅವಳು ನಿಂತುಬಿಟ್ಟಿದ್ದು ಒಂದು ತಿರುವಿನಲ್ಲಿ. ಅಲ್ಲಿ ರಸ್ತೆಯ ಬದಿಗೇ ಒಂದು ಶಿಲುಬೆ. ಜನ ಕೈಯಲ್ಲಿ ಊದುಬತ್ತಿ ಹಿಡಿದು, ಚೀನೀ ಪದ್ಧತಿಯಂತೆ ಬಾಗಿ ಬಾಗಿ ನಮಸ್ಕರಿಸಿ, ಆಮೇಲೆ ಶಿಲುಬೆಯ ಗುರುತು ಮಾಡುತ್ತಿದ್ದರು. ಶಿಲುಬೆಗೆ ಹೂವಿನ ಮಾಲೆಗಳು.

"ಕೋರಾ, ಇದು ಮಲ್ಲಿಗೆ!"

"ಸಂಪಗಿತಾ ಅಂತಾರೆ ಇಲ್ಲಿ."

"ಎಂತದ್ದಾದರೂ ಅನ್ನಿ. ಇದು ನಮ್ಮ ಶಂಕರಪುರದ ಮಲ್ಲಿಗೆಯೇ."

ಅಲ್ಲಿ ಮಾರ್ಸೆಲಿನ್‌ಳ ತಾಯಿ ಬೆಳಕು ಹರಿಯುವ ಮುನ್ನ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಹೂವಿನ ವ್ಯಾಪಾರದ ಕಟ್ಟೆಗೆ ಕಳಿಸುತ್ತಿದ್ದರು. ಮಾರ್ಸೆಲಿನ್ ಒಂದು ಮಾಲೆ ಕೊಂಡು ಮೂಗಿಗೆ ಹಿಡಿದಳು. ಪರವೂರಿನ ನಡುರಸ್ತೆಯಲ್ಲಿ ಕಣ್ಣು ತುಂಬಿ ಬಂತು. ಕೋರಾ ಅದನ್ನು ಕಾಣದಿದ್ದರೂ ತಿಳಿದುಕೊಂಡು, ಅವಳ ಬೆನ್ನು ತಟ್ಟಿದಳು. ಇಬ್ಬರೂ ಒಂದೊಂದು ಊದುಬತ್ತಿ ಹಚ್ಚಿದರು.

ತೋಡಿನ ಸೇತುವೆ ದಾಟಿದ ಮೇಲೆ ಕೋರಾಳ ನಡಿಗೆ ಚುರುಕಾಯಿತು. ಈಗ ಅವಳೇ ಮುಂದೆ, ಮಾರ್ಸೆಲಿನ್ ಹಿಂದೆ. "ಬಲಕ್ಕೆ ಔಷಧದ ಅಂಗಡಿ, ಬೇರಿನ ವಾಸನೆ ಬರಬೇಕು. ಅದರ ಪಕ್ಕದ್ದೇ ಅಪ್ಪನ ಅಂಗಡಿ. ಅಪ್ಪ ಹೋದ ಮೇಲೆ ಕೊಂಡವರೂ ಅಣಬೆಯನ್ನೇ ಮಾರ್ತಿದ್ದರು."

ವಾಸನೆ ಬಂತು. ಪಕ್ಕದ ಅಂಗಡಿ ನೋಡಿ ಮಾರ್ಸೆಲಿನ್ ತಡವರಿಸಿದಳು. ಅಣಬೆಯ ಅಂಗಡಿ ಅದೇ ಇದೆ, ಬೇರೆ ಯಾರೋ ನಡೆಸುತ್ತಿದ್ದಾರೆ ಎಂದರೆ ಯಾರಿಗೇನು ನಷ್ಟ? ಆದರೆ ಇಷ್ಟು ವರ್ಷ ಒಟ್ಟಿಗೆ ಕೆಲಸ ಮಾಡಿದವಳಿಗೆ, ಕಣ್ಣಿಲ್ಲವೆಂಬ ಒಂದೇ ಕಾರಣಕ್ಕೆ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

"ಅಣಬೆ ಇಲ್ಲ ಕೋರಾ. ಮೊಬೈಲ್ ಕವರ್ ಮಾರ್ತಾರೆ."

ಕೋರಾ ಅಲ್ಲೇ ನಿಂತಳು. ಜನ ಅವರಿಬ್ಬರ ಎರಡೂ ಬದಿಯಿಂದ ಹರಿದು ಹೋಗುತ್ತಿದ್ದರು. ಕೈ ಮುಂದೆ ಚಾಚಿ ಬಾಗಿಲ ಕಂಬ ಹುಡುಕಿ, ಅದರ ಮೇಲೆ ಅಂಗೈ ಇಟ್ಟಳು. ಆಮೇಲೆ ಕೇಳಿದಳು: "ಎಂಥಾ ಬಣ್ಣದ ಕವರು?"

"ಎಲ್ಲಾ ಬಣ್ಣ. ಬೆಕ್ಕಿನ ಕಿವಿ ಇರುವಂಥದ್ದೂ ಉಂಟು."

"ಅಪ್ಪ ನೋಡಿದ್ದರೆ ಅಂಗಡಿಗೆ ಬೆಂಕಿ ಹಾಕ್ತಿದ್ದರು," ಎಂದು ಕೋರಾ ನಗತೊಡಗಿದಳು. ನಗು ಎಷ್ಟು ಜೋರಾಯಿತೆಂದರೆ ಅಂಗಡಿಯ ಹುಡುಗಿ ಗಾಬರಿಯಾಗಿ ಕುರ್ಚಿ ತಂದಿಟ್ಟಳು. ಹೋಗುವಾಗ ಕೋರಾ ಬೆಕ್ಕಿನ ಕಿವಿಯ ಕವರೊಂದನ್ನು ಕೊಂಡೇ ಬಿಟ್ಟಳು.

ಹಸಿವಾಗಿತ್ತು. ಓಣಿಯೊಳಗಿನ ಸಣ್ಣ ಹೋಟೆಲೊಂದರಲ್ಲಿ ಲುಂಪಿಯಾ ತರಿಸಿದರು. ನೀರುದೋಸೆಯಷ್ಟು ತೆಳುವಾದ ಹಾಳೆಯಲ್ಲಿ ತರಕಾರಿ, ಕಡಲೆಬೀಜದ ಪುಡಿ ಸುತ್ತಿ ಕೊಡುವ ತಿಂಡಿ. ಒಂದು ತುತ್ತು ತಿಂದವಳೇ ಕೋರಾ ತನ್ನ ಮನೆಯ ಚೀನೀ ಭಾಷೆಯಲ್ಲಿ ದೊಡ್ಡ ದನಿಯಲ್ಲಿ ಏನೋ ಹೇಳಿದಳು. ಕಡಲೆಬೀಜ ಕಡಿಮೆಯಾಯಿತೆಂಬ ತಕರಾರು. ಗಲ್ಲಾದಲ್ಲಿ ಕೂತಿದ್ದ ದಪ್ಪ ಹೆಂಗಸು ತಲೆಯೆತ್ತಿದಳು. ಕನ್ನಡಕ ಸರಿಮಾಡಿಕೊಂಡು ಎದ್ದು ಬಂದಳು.

"ಈ ತಕರಾರು ನಾನು ಎಲ್ಲೋ ಕೇಳಿದ್ದೇನೆ. ಅಣಬೆ ಅಂಗಡಿಯ ಚುವಾ ಅಲ್ವಾ ನೀನು?"

"ಯಾರು ಅದು?" ಕೋರಾ ದನಿ ಬಂದ ಕಡೆ ಮುಖ ತಿರುಗಿಸಿದಳು.

"ಲಿಲಿ! ಶಾಲೆಯಲ್ಲಿ ನಿನ್ನ ಬೆಂಚಿನ ಲಿಲಿ!"

ಆಮೇಲೆ ಆದದ್ದರಲ್ಲಿ ಮಾರ್ಸೆಲಿನ್‌ಗೆ ಅರ್ಥವಾದದ್ದು ಕಾಲು ಭಾಗ. ಮೂರು ಭಾಷೆಗಳಲ್ಲಿ ಕೂಗಾಟ, ಅಪ್ಪುಗೆ, ಕಡಲೆಬೀಜ ತುಂಬಿದ ಇನ್ನೊಂದು ತಟ್ಟೆ. ಲಿಲಿ ಪ್ರತಿ ಭಾನುವಾರ ಚರ್ಚಿನಲ್ಲಿ ಹಾಡುತ್ತಾಳಂತೆ; ಹಳಬರೆಲ್ಲ ಸೇರಿ ಕಟ್ಟಿದ ತಂಡ.

"ನೀನೂ ಬಾ," ಎಂದಳು ಲಿಲಿ, ಈ ಸಲ ಇಂಗ್ಲಿಷಿನಲ್ಲಿ.

"ನನಗೆ ಕಣ್ಣು ಕಾಣುವುದಿಲ್ಲ."

"ಹಾಡಲಿಕ್ಕೆ ಕಣ್ಣು ಯಾಕೆ?"

ಮಾರ್ಸೆಲಿನ್ ನಡುವೆ ಬಾಯಿ ಹಾಕಿದಳು: "ಮನಾಮಾದ ಸೇಕ್ರೆಡ್ ಹಾರ್ಟ್ ಚರ್ಚಿನಲ್ಲಿ ವರ್ಷಗಟ್ಟಲೆ ಹಾಡಿದವಳು ಇವಳು. ಬಿಡಬೇಡಿ."

ಕೋರಾ ಮೇಜಿನ ಕೆಳಗೆ ಅವಳ ಕಾಲಿಗೆ ಒದ್ದಳು. ಆದರೆ ಒಲ್ಲೆನೆನ್ನಲಿಲ್ಲ.

ಆ ಭಾನುವಾರವೇ ಜುನ್ ಅವರಿಬ್ಬರನ್ನು ಮತ್ತೆ ಕರೆತಂದ. ಮೊದಲ ಹಾಡಿಗೆ ಕೋರಾಳ ತುಟಿ ಮಾತ್ರ ಅಲುಗಿತು. ಎರಡನೆಯದಕ್ಕೆ ದನಿ ಹೊರಟಿತು. ಕೊನೆಯ ಹಾಡಿನಲ್ಲಿ ಉಳಿದವರ ರಾಗ ಜಾರಿದಾಗ ಅವಳು ಹುಬ್ಬು ಗಂಟಿಕ್ಕಿದ್ದನ್ನು ಕಂಡು, ಹಿಂದಿನ ಬೆಂಚಿನಲ್ಲಿದ್ದ ಮಾರ್ಸೆಲಿನ್‌ಗೆ ತನ್ನ ಹಳೆಯ ಕೋರಾ ಸಿಕ್ಕಳೆನಿಸಿತು.

ಈಗ ಫೋನ್ ಮಾಡಿದರೆ ಕೋರಾಗೆ ಪುರುಸೊತ್ತಿರುವುದಿಲ್ಲ. "ಹಾಡಿನ ಅಭ್ಯಾಸ ಉಂಟು, ಆಮೇಲೆ ಮಾತಾಡ್ತೇನೆ ಮಾರಾಯ್ಟಿ" ಎಂದು ಇಟ್ಟುಬಿಡುತ್ತಾಳೆ. ಮಾರ್ಸೆಲಿನ್‌ಗೆ ಸಿಟ್ಟು ಬರುವುದಿಲ್ಲ. ಅವಳಿಗೂ ಬಹರೈನಿನಲ್ಲಿ ಹೊಸ ಕೆಲಸ ಹತ್ತಿಕೊಂಡಿದೆ. ವಾರದ ರಜೆಯಾದ ಶುಕ್ರವಾರ ಚರ್ಚಿನ ಪೂಜೆ ಮುಗಿಸಿ ನೇರವಾಗಿ ಮನೆಗೆ ಹೋಗದೆ, ಬಾಬ್ ಅಲ್ ಬಹರೈನ್ ಎಂಬ ಹೆಬ್ಬಾಗಿಲಿನ ಹಿಂದಿನ ಹಳೆಯ ಪೇಟೆಗೆ ರೊಕಿಯನ್ನು ಎಳೆದುಕೊಂಡು ಹೋಗುತ್ತಾಳೆ. ಇಷ್ಟು ವರ್ಷ ಬಟ್ಟೆ, ಮಸಾಲೆ ಕೊಂಡು ಓಡಿ ಬರುತ್ತಿದ್ದ ಜಾಗವದು. ಒಂದು ಓಣಿಯೂ ಅವಳಿಗೆ ಸರಿಯಾಗಿ ಗೊತ್ತಿರಲಿಲ್ಲ.

ಮೊದಲ ವಾರ ರೊಕಿ ಮೊಣಕಾಲು ನೋವೆಂದ. ಎರಡನೆಯ ವಾರ ಚಹಾದಂಗಡಿಯೊಂದರ ಬೆಂಚಿನ ಮೇಲೆ ಮುತ್ತು ತೆಗೆಯುವವರ ಕತೆ ಹೇಳುತ್ತಿದ್ದ ಬಹರೈನಿ ಮುದುಕನೊಬ್ಬ ಸಿಕ್ಕಿ, ರೊಕಿಯನ್ನು ಅಲ್ಲಿಂದ ಎಬ್ಬಿಸುವುದೇ ಕಷ್ಟವಾಯಿತು. ಮೊನ್ನೆಯ ಶುಕ್ರವಾರ ಮಾರ್ಸೆಲಿನ್ ಬಟ್ಟೆಯಂಗಡಿಯೆದುರು ನಿಂತು ತಿರುಗಿ ನೋಡಿದರೆ ಗಂಡ ಪಕ್ಕದಲ್ಲಿರಲಿಲ್ಲ. ಮುಂದಿನ ತಿರುವಿನಲ್ಲಿ ಮರದ ಕೆತ್ತನೆಯ ಹಳೆಯ ಬಾಗಿಲೊಂದರ ಎದುರು ತಲೆಯೆತ್ತಿ ನಿಂತಿದ್ದ.

"ಇಲ್ಲಿ ಬಾ ಮಾರಾಯ್ತಿ," ಎಂದು ಕೂಗಿದ. "ಈ ಓಣಿ ನಾವು ನೋಡ್ಲೇ ಇಲ್ಲ."