ತಲೆಯಿಲ್ಲದ ಕುರಿಗಳು

“ಈ ಕುರಿಗಳ ತಲೆ ಎಲ್ಲಿ?” ಎಂದು ಗದರಿಬಿಟ್ಟೆ.

ಎಂಬತ್ತರ ದಶಕದ ಮಾತು. ದೇವದುರ್ಗ ತಾಲ್ಲೂಕಿನ ಮಸರಕಲ್ ಪ್ರಾಥಮಿಕ ಶಾಲೆಯ ಹೊರಗೋಡೆಗೆ ಮಕ್ಕಳು ಒಡೆದ ಕಪ್ಪು-ಬಸಿ, ಬಳೆಚೂರುಗಳನ್ನು ಹಸಿ ಸಿಮೆಂಟಿನಲ್ಲಿ ಒತ್ತಿ ತಮ್ಮೂರಿನ ಚಿತ್ರ ಮಾಡುತ್ತಿದ್ದರು. ಕಲಿಸಲು ರಾಯಚೂರಿನಿಂದ ಹೋದ ಡ್ರಾಯಿಂಗ್ ಮೇಷ್ಟ್ರು ನಾನು. ಕುರಿ ಕಾಯುವ ಮನೆಯ ಹುಡುಗಿ, ನಾಲ್ಕನೇ ತರಗತಿಯ ನಿಂಗಮ್ಮ, ಬಿಳಿ ಬಸಿಯ ಚೂರುಗಳಿಂದ ಏಳು ಕುರಿಗಳನ್ನು ಒಂದಕ್ಕೊಂದು ಒತ್ತಿ ನಿಲ್ಲಿಸಿದ್ದಳು. ಮೈ ಇತ್ತು, ಕಾಲಿತ್ತು, ಒಂದಕ್ಕೂ ತಲೆಯಿರಲಿಲ್ಲ. ಸಿಮೆಂಟು ಗಟ್ಟಿಯಾಗುವ ಮೊದಲೇ ಕಿತ್ತು ತಿದ್ದೋಣವೆಂದು ಕರಣೆ ಎತ್ತಿದೆ.

ಹುಡುಗಿ ಗೋಡೆಗೆ ಅಡ್ಡ ನಿಂತಳು. ಗೆಳತಿಯರು ಮೇಲೆ ಹಳದಿ ಬಳೆಚೂರಿನಿಂದ ಮಾಡಿದ್ದ ಸೂರ್ಯನನ್ನು ತೋರಿಸಿದಳು.

“ಸೂರ್ಯ ನೆತ್ತಿ ಮ್ಯಾಲ ಅದಾನ ನೋಡ್ರಿ ಸರ. ಇಂಥಾ ಬಿಸಲಾಗ ಕುರಿ ತಲಿ ಎತ್ತತಾವೇನ್ರಿ? ಒಂದರ ಹೊಟ್ಟಿ ನೆಳ್ಳಾಗ ಇನ್ನೊಂದು ತಲಿ ಇಟಗೊಂಡು ನಿಂದರತಾವು.”

ದೇವದುರ್ಗದ ದಾರಿಯುದ್ದಕ್ಕೂ ಬಸ್ಸಿನ ಕಿಟಕಿಯಿಂದ ಎಷ್ಟೋ ಕುರಿಹಿಂಡು ಕಂಡವನು ನಾನು. ಇದನ್ನು ಮಾತ್ರ ಕಂಡಿರಲಿಲ್ಲ. ಕರಣೆ ಕೆಳಗಿಟ್ಟೆ.

ನನ್ನ ಸಿಟ್ಟೇನೂ ಕಡಿಮೆಯಾಗಿಲ್ಲ. ಮಕ್ಕಳ ಚಿತ್ರದಲ್ಲಿ ತಪ್ಪು ಕಂಡರೆ ಈಗಲೂ ಗದರಲು ಬಾಯಿ ತೆರೆಯುತ್ತೇನೆ. ಆದರೆ ಅದಕ್ಕೂ ಮೊದಲು, ಆ ಚಿತ್ರದಲ್ಲಿ ಸೂರ್ಯ ಎಲ್ಲಿದ್ದಾನೆಂದು ನೋಡುತ್ತೇನೆ.