ಫಲನಿಕೋನ ಬರಿಯ ಬಲತೊಡೆ

ಫಲನಿಕೋ ಓಡಿಸುವ ಬಸ್ಸು ಯಾರನ್ನೂ ಬಿಟ್ಟು ಹೋಗುವುದಿಲ್ಲ. ನಮ್ಮ ಫಗತೋಲು ಊರಿನ ಸಣ್ಣ ಮಕ್ಕಳಿಗೂ ಇದು ಗೊತ್ತು. ರಾಜಧಾನಿ ಅಪಿಯಾ ಕಡೆಯ ಹಡಗಿಗೆ ಹೊತ್ತಾಗಿರಲಿ, ಮಳೆ ಹೊಡೆಯುತ್ತಿರಲಿ, ಯಾವುದೋ ಅಜ್ಜಿ ಇನ್ನೂ ಮನೆಯಲ್ಲಿ ದೀವಿಹಲಸು ಚೀಲಕ್ಕೆ ತುಂಬುತ್ತಿದ್ದಾಳೆ ಎಂದರೆ ಸಾಕು, ಎಂಜಿನ್ ಆಫ್ ಮಾಡಿ ಕೂತುಬಿಡುತ್ತಾನೆ. ಒಳಗಿದ್ದವರು ಬೈಯುತ್ತಾರೆ.

"ಏನಯ್ಯಾ, ನಿನ್ನ ಬಸ್ಸಲ್ಲಿ ಕೂತು ನಮಗೆ ಮೊಮ್ಮಕ್ಕಳಾಗ್ಬೇಕಾ?"

"ಬರ್ತಾಳೆ ತಡ್ಕೊಳ್ಳಿ. ಕಾಯೋದಕ್ಕೆ ಕೈಕಾಲು ನೋಯುತ್ತಾ?" ಎನ್ನುತ್ತಾನೆ.

ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಳ್ಳುತ್ತೇನೆ. ಅವನು ನನಗೆಂದು ಹೇಳಿದ್ದಲ್ಲ. ಆದರೂ ಚುಚ್ಚುತ್ತದೆ. ಈ ಸವಾಯಿ ದ್ವೀಪದಲ್ಲಿ ಇಷ್ಟು ಸೆಕೆಯಿದ್ದರೂ ಅವನು ಮೂವತ್ತೊಂದು ವರ್ಷದಿಂದ ಉದ್ದ ಪ್ಯಾಂಟು ಬಿಟ್ಟು ಬೇರೇನೂ ಹಾಕಿದವನಲ್ಲ. ಅದಕ್ಕೆ ಕಾರಣ ನಾನು, ಈ ತೌಲಾಗಿ ಎಂಬ ಬಡಾಯಿಕೋರ.

ಆಗ ಇಬ್ಬರಿಗೂ ಹತ್ತೊಂಬತ್ತು. ನನಗೆ ಹಚ್ಚೆಯ ಹುಚ್ಚು ಹಿಡಿದಿತ್ತು. ಸೊಂಟದಿಂದ ಮಂಡಿಯವರೆಗೆ ತುಂಬ ಹಚ್ಚೆ ಹಾಕಿಸಿಕೊಂಡ ಗಂಡಸು ಹಿರಿಯರ ಸಭೆಯಲ್ಲಿ ಲುಂಗಿ ಎತ್ತಿ ಕಟ್ಟಿ ಅವಾ ಬೇರಿನ ಪಾನಕ ಹಂಚುವಾಗ ಇಡೀ ಸಭೆ ಅವನ ತೊಡೆಯನ್ನೇ ನೋಡುತ್ತದೆ. ಆ ನೋಟ ನನಗೆ ಬೇಕಿತ್ತು. ಮೈಮೇಲೆ ಒಂದು ಚುಕ್ಕೆಯೂ ಬೀಳುವ ಮುಂಚೆಯೇ ನಾನು ಎರಡನೆಯದಕ್ಕೂ ಮೂರನೆಯದಕ್ಕೂ ಜಾಗ ಗೊತ್ತು ಮಾಡಿದ್ದೆ. ಶಾಲೆಯ ಹಳೆಯ ನೋಟ್‌ಬುಕ್ಕಿನಲ್ಲಿ ದೋಣಿ, ಜರಿಹುಳ, ಕಡಲಹಕ್ಕಿ ಎಲ್ಲ ಬರೆದಿಟ್ಟಿದ್ದೆ. ದೊಡ್ಡದು ಮುಗಿದ ಮೇಲೆ ಬಲತೋಳಿಗೆ ಒಂದು ಪಟ್ಟಿ, ಆಮೇಲೆ ಎಡತೋಳಿಗೊಂದು ಎಂದು ಇದ್ದಿಲಿನಲ್ಲಿ ತೋಳಿನ ಮೇಲೆ ಗೀಚಿಕೊಂಡು ಕನ್ನಡಿ ಮುಂದೆ ನಿಲ್ಲುತ್ತಿದ್ದೆ. ಅಮ್ಮ ಪೊರಕೆ ಹಿಡಿದು ಬಂದು, "ಮೊದಲು ಹೋಗಿ ಸ್ನಾನ ಮಾಡೋ, ಹಂದಿ" ಎನ್ನುತ್ತಿದ್ದಳು.

ಆದರೆ ನಮ್ಮಲ್ಲಿ ಒಬ್ಬನೇ ಹೋಗಿ ಚಾಪೆಯ ಮೇಲೆ ಮಲಗುವ ಹಾಗಿಲ್ಲ. ಜೋಡಿ ಬೇಕು. ಇವನು ಮಲಗಿದಾಗ ಅವನು ತಲೆ ಹಿಡಿಯಬೇಕು, ಅವನು ಮಲಗಿದಾಗ ಇವನು. ಒಬ್ಬನ ಮೈ ಎಷ್ಟು ಮುಂದುವರಿಯಿತೋ ಇನ್ನೊಬ್ಬನದೂ ಅಷ್ಟೇ. ನಾನು ಹೋಗಿ ಹಿಡಿದದ್ದು ಪಕ್ಕದ ಮನೆಯ ಫಲನಿಕೋನನ್ನು. ಅಪ್ಪನಿಲ್ಲದ ಹುಡುಗ, ಚಾಪೆ ಹೆಣೆಯುವ ಲುಸಿಯಾ ಅಮ್ಮನಿಗೆ ಒಬ್ಬನೇ ಮಗ.

"ಲೋ, ನನ್ನ ಜೋಡಿ ಆಗೋ."

"ನನಗ್ಯಾಕಪ್ಪಾ ಅದೆಲ್ಲ? ಕಾಲಿಗೆ ಮುಳ್ಳು ಚುಚ್ಚಿದ್ರೇ ಅಮ್ಮಾ ಅಂತೀನಿ."

"ಥೂ, ಹೆದರುಪುಕ್ಲ!"

"ಹೂಂ ಕಣೋ, ಹೆದರುಪುಕ್ಲನೇ. ನಿನಗೆ ಇವತ್ತು ಗೊತ್ತಾಯ್ತಾ?"

ಹತ್ತು ದಿನ ಅವನ ಜೀವ ತಿಂದೆ. ಮೀನು ಹಿಡಿಯಲು ಹೋದರೆ ದೋಣಿಯಲ್ಲಿ, ಚರ್ಚಿಗೆ ಹೋದರೆ ಬೆಂಚಿನಲ್ಲಿ, ಎಲ್ಲಿ ಹೋದರೂ ಅದೇ ರಾಗ. ಕೊನೆಗೆ ಒಂದು ಸಂಜೆ ಅವನೇ ನಮ್ಮ ಮನೆಗೆ ಬಂದ.

"ಬರ್ತೀನಿ. ಆದ್ರೆ ಹೊಕ್ಕುಳಿನ ಗುರುತು ಇಬ್ಬರಿಗೂ ಒಂದೇ ದಿನ ಬೀಳ್ಬೇಕು. ನಾನು ಹಿಂದೆ ಬಿದ್ರೆ ಕಾಯ್ತೀಯಾ?"

"ಕಾಯ್ತೀನಿ ಕಣೋ, ನಿಮ್ಮಮ್ಮನಾಣೆ."

"ನಮ್ಮಮ್ಮನ್ನ ಯಾಕೆ ಎಳೀತೀಯ? ನಿಮ್ಮಮ್ಮನಾಣೆ ಹಾಕು."

ಹಾಕಿದೆ. ಕೆಲಸ ಬೆನ್ನಿನ ಕೆಳಗೆ ಶುರುವಾಗಿ ಹೊಕ್ಕುಳಿನಲ್ಲಿ ಮುಗಿಯುತ್ತದೆ. ಹೊಕ್ಕುಳಿನ ಗುರುತು ಬೀಳದಿದ್ದರೆ ಮಿಕ್ಕಿದ್ದೆಲ್ಲ ಇದ್ದೂ ಇಲ್ಲದ ಹಾಗೆ. ಅಷ್ಟೇ ಅಲ್ಲ, ಅರ್ಧಕ್ಕೆ ಬಿಟ್ಟವನೆಂಬ ಹೆಸರು ಸಾಯುವವರೆಗೂ ಬಿಡುವುದಿಲ್ಲ.

ಹಚ್ಚೆಗಾರ ಲೆಸಿಮಾ ಬಂದ. ಗಟ್ಟಿ ಆಳು, ಮಾತು ಕಡಿಮೆ. ಚೂಪು ಹಲ್ಲಿನ ಹಣಿಗೆಯನ್ನು ಮಸಿಗೆ ಅದ್ದಿ, ಚರ್ಮದ ಮೇಲಿಟ್ಟು, ಕೋಲಿನಿಂದ ಟಕ್ ಟಕ್ ಎಂದು ಹೊಡೆದ. ಅಯ್ಯಪ್ಪಾ! ಮೊದಲ ನಾಲ್ಕು ಏಟಿಗೇ ನನಗೆ ಜೀವ ಬಾಯಿಗೆ ಬಂತು. ಬೀಸಣಿಗೆ ಬೀಸುತ್ತಾ ಹಾಡುತ್ತಿದ್ದ ಹೆಂಗಸರ ದನಿಗಿಂತ ನನ್ನ ದನಿಯೇ ಜೋರಾಗಿತ್ತು. ಮುಳ್ಳಿಗೆ ಅಮ್ಮಾ ಎನ್ನುತ್ತಿದ್ದ ಫಲನಿಕೋ ಮಾತ್ರ ತನ್ನ ಸರದಿಯಲ್ಲಿ ತುಟಿ ಬಿಚ್ಚಲಿಲ್ಲ. ನಾನು ಮಲಗಿದಾಗ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಕಿರುಚೋ, ನನ್ನ ಪಾಲಿಂದೂ ಸೇರಿಸಿ ಕಿರುಚು" ಎಂದ. ಲೆಸಿಮಾ ಕೂಡ ನಕ್ಕ.

ಹಾಕಿಸಿಕೊಳ್ಳುವುದು ಒಂದು ಪಾಲು, ಮಾಯಿಸುವುದು ಮೂರು ಪಾಲು. ಬೆಳಿಗ್ಗೆ ಸಂಜೆ ಕಡಲಿಗಿಳಿದು ಗಾಯ ತೊಳೆಯಬೇಕು. ಜೋಡಿಯವನು ಅಂಗೈಯಿಂದ ಬಲವಾಗಿ ಉಜ್ಜಿ ಒಳಗಿನ ಕೆಟ್ಟ ನೀರು ತೆಗೆಯಬೇಕು. ಉಜ್ಜುವಾಗ ಅವನ ಹದಿನಾರು ತಲೆಮಾರನ್ನು ಬೈಯುವಷ್ಟು ಉರಿ. ನವೆ ಬಂದರೆ ಕೆರೆಯುವ ಹಾಗಿಲ್ಲ, ಎಲೆಯಿಂದ ತಟ್ಟಬೇಕು. ಗಾಯ ಮಾಯುವ ತನಕ ಒಬ್ಬನೇ ಎಲ್ಲೂ ಹೋಗಬಾರದು, ಒಬ್ಬನೇ ಮಲಗಬಾರದು. ನಾವಿಬ್ಬರೂ ಒಂದೇ ಚಾಪೆಯ ಮೇಲೆ ಬೋರಲು ಮಲಗುತ್ತಿದ್ದೆವು. ನಾನು ತೋಳಿನ ಪಟ್ಟಿಯ ಪುರಾಣ ಬಿಚ್ಚಿದರೆ ಅವನು, "ಮೊದಲು ಅಂಡು ಮಾಯಲಿ ಮಾರಾಯಾ" ಎನ್ನುತ್ತಿದ್ದ.

ಐದನೆಯ ಸಲಕ್ಕೆ ಇಬ್ಬರಿಗೂ ಎಡತೊಡೆ ಮುಗಿಯಿತು. ಬಲತೊಡೆಗೆ ಮುಂಚೆ ನಾಲ್ಕು ದಿನ ಬಿಡುವು. ಅದೇ ಹೊತ್ತಿಗೆ ಪಕ್ಕದ ಸಲೆಮುಲಿ ಊರಿನಲ್ಲಿ ಕಿಲಿಕಿಟಿ ಪಂದ್ಯ. ಊರಿಗೆ ಊರೇ ಬ್ಯಾಟು ಹಿಡಿದು ಆಡುವ ಆಟ, ಸುತ್ತ ಹಾಡು, ಕುಣಿತ, ಹುಡುಗಿಯರು. ಹೋಗಬಾರದೆಂದು ಗೊತ್ತಿತ್ತು. ಹೋದೆ. ಲುಂಗಿಯನ್ನು ಬೇಕೆಂದೇ ಎತ್ತಿ ಕಟ್ಟಿಕೊಂಡು ಹೋದೆ. ಒಂದು ದಿನಕ್ಕೆಂದು ಹೋದವನು ಮೂರು ದಿನ ಕೂತೆ. ಅಲ್ಲಿನ ಒಬ್ಬ ಮುದುಕನೇ ನನ್ನ ಗಾಯ ಉಜ್ಜಿಕೊಟ್ಟ. ಫಲನಿಕೋನ ಗಾಯ ಉಜ್ಜುವವರು ಯಾರು ಎಂದು ನನಗೆ ಒಂದು ಸಲವೂ ಹೊಳೆಯಲಿಲ್ಲ. ಸುಳ್ಳು ಯಾಕೆ ಹೇಳಲಿ, ಹೊಳೆದಿತ್ತು. ನಾಳೆ ಹೋದರಾಯಿತು ಎಂದುಕೊಂಡೆ.

ಲುಸಿಯಾ ಅಮ್ಮ ಹಗಲೆಲ್ಲ ಹೆಂಗಸರ ಜೊತೆ ಕೂತು ಮಗನ ಮುಗಿತಾಯದ ಹಬ್ಬಕ್ಕೆಂದು ನವಿರು ಚಾಪೆ ಹೆಣೆಯುತ್ತಿದ್ದಳು. ಮಗ ಅವಳಿಗೆ ಏನೂ ಹೇಳಲಿಲ್ಲ. ತೊಡೆಯ ಹಿಂಭಾಗಕ್ಕೆ ಕೈ ಎಟುಕದೆ ಹಾಗೇ ಬಿಟ್ಟಿದ್ದ, ನಿದ್ದೆಯಲ್ಲಿ ಕೆರೆದುಕೊಂಡಿದ್ದ. ನಾನು ಬರುವ ಹೊತ್ತಿಗೆ ತೊಡೆ ಊದಿ ಕೀವು ತುಂಬಿತ್ತು. ಮೈ ಸುಡುತ್ತಿತ್ತು. ನನ್ನನ್ನು ನೋಡಿ, "ಗೆದ್ರಾ?" ಎಂದು ಕೇಳಿದ.

ಡಾಕ್ಟರು ಬಂದು ಔಷಧಿ ಕೊಟ್ಟು, ಹದಿನೈದು ದಿನ ಸೂಜಿ ಮುಟ್ಟಿಸುವ ಹಾಗಿಲ್ಲ ಎಂದರು. ಲೆಸಿಮಾನಿಗೆ ಅಷ್ಟು ದಿನವಿರಲಿಲ್ಲ. ಮುಂದಿನ ಶುಕ್ರವಾರ ಅವನು ಆಕ್ಲೆಂಡಿಗೆ ಹೋಗಬೇಕಿತ್ತು. ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ: "ನೋಡಪ್ಪ, ನೀನೂ ನಿಲ್ಲಿಸಿದ್ರೆ ಬರೋ ವರ್ಷ ಬಂದು ಇಬ್ಬರದೂ ಒಟ್ಟಿಗೆ ಮುಗಿಸ್ತೀನಿ. ಬೇಡ, ನಂದು ಮುಗಿಸು ಅಂದ್ರೆ ನಿಂದು ಮುಗಿಸ್ತೀನಿ. ಹೇಳೋನು ನೀನೇ."

ಫಲನಿಕೋ ಒಳಗೆ ಮಲಗಿದ್ದ, ಎಲ್ಲ ಕೇಳಿಸುತ್ತಿತ್ತು. "ಕಾಯ್ತೀಯಲ್ಲೋ?" ಎಂದ.

ನಾನು ಒಂದು ವರ್ಷ ಅರ್ಧಂಬರ್ಧ ಮೈ ಇಟ್ಟುಕೊಂಡು ತಿರುಗುವುದನ್ನು ನೆನೆದೆ. ಸಲೆಮುಲಿಯ ಹುಡುಗಿಯರನ್ನು ನೆನೆದೆ. ಹಬ್ಬಕ್ಕೆ ಗೊತ್ತಾಗಿದ್ದ ಹಂದಿಗಳನ್ನೂ ಬರಲಿದ್ದ ನೆಂಟರನ್ನೂ ನೆನೆದೆ. ಅವನ ಮುಖ ನೋಡದೆ, "ದೊಡ್ಡಪ್ಪ ಒಪ್ಪಲ್ಲ ಕಣೋ" ಎಂದೆ. ಹಬ್ಬದ ಖರ್ಚು ಹೊತ್ತಿದ್ದ ದೊಡ್ಡಪ್ಪನನ್ನು ನಾನು ಕೇಳಿಯೇ ಇರಲಿಲ್ಲ. ನನ್ನ ಈ ನಾಲಿಗೆಗೆ ಆಗಲೇ ಹುಳ ಬೀಳಬೇಕಿತ್ತು.

ಮುಗಿತಾಯದ ದಿನ ಹೊಸದಾಗಿ ಹಚ್ಚೆ ಮುಗಿಸಿದವರ ನೆತ್ತಿಯ ಮೇಲೆ ಕೋಳಿಮೊಟ್ಟೆ ಒಡೆದು, ಮೈಗೆ ಎಣ್ಣೆ ಅರಿಸಿನ ಸವರುತ್ತಾರೆ. ಬುಟ್ಟಿಯಲ್ಲಿ ಎರಡು ಮೊಟ್ಟೆ ಇಟ್ಟಿದ್ದರು. ಎರಡನೆಯದನ್ನು ತೆಗೆದಿಡಲು ಯಾರಿಗೋ ಮರೆತುಹೋಗಿತ್ತು. ಒಂದನ್ನು ನನ್ನ ತಲೆಯ ಮೇಲೆ ಒಡೆದರು. ಇನ್ನೊಂದು ಬುಟ್ಟಿಯಲ್ಲೇ ಉಳಿಯಿತು. ಅಷ್ಟರಲ್ಲಿ ಫಲನಿಕೋ ಕುಂಟುತ್ತಾ ಬಂದ. ಅವನಮ್ಮ ಅವನಿಗೆಂದು ಹಗಲೆಲ್ಲ ಕೂತು ಹೆಣೆದ ಚಾಪೆಯನ್ನು ಮಡಿಸಿ ತಂದು ನನ್ನ ಮುಂದಿಟ್ಟು, ನನ್ನ ಹೊಕ್ಕುಳನ್ನು ನೋಡಿ, "ಚೆನ್ನಾಗಿ ಬಂದಿದೆ ಕಣೋ" ಎಂದ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಲೆಸಿಮಾ ಮರುವರ್ಷ ಬರಲಿಲ್ಲ, ಅಲ್ಲೇ ತೀರಿಕೊಂಡನೆಂದು ಸುದ್ದಿ ಬಂತು. ಬೇರೆ ಹಚ್ಚೆಗಾರರು ಬಂದರು. ಆದರೆ ಫಲನಿಕೋಗೆ ಜೋಡಿ ಎಲ್ಲಿ? ನನ್ನದು ಮುಗಿದಿತ್ತು. ಕೆಟ್ಟು ನಿಂತ ಮೈಗೆ ಜೋಡಿಯಾಗಲು ಊರಿನ ಒಬ್ಬ ಹುಡುಗನೂ ಒಪ್ಪಲಿಲ್ಲ. ಅವನೂ ಯಾರ ಕಾಲನ್ನೂ ಹಿಡಿಯಲಿಲ್ಲ. ಪ್ಯಾಂಟು ಹಾಕಿದ, ಬಸ್ಸು ಹತ್ತಿದ. ಗಂಡಸರೆಲ್ಲ ಕೊಳದಲ್ಲಿ ಮೀಯುವಾಗ ಅವನಿಲ್ಲ. ಸಭೆಯಲ್ಲಿ ಅವಾ ಹಂಚಲು ಕರೆದಾಗ ಅವನಿಲ್ಲ. ನಮ್ಮಲ್ಲಿ ಈ ಹಚ್ಚೆಗೂ ಬಾವಲಿಗೂ ಒಂದೇ ಹೆಸರು. ಪೋಲಿಗಳು ಅವನನ್ನು 'ಅರ್ಧ ಬಾವಲಿ' ಎಂದು ಕರೆದರು. ಒಂದು ಸಲ ಹತ್ತು ಜನರ ನಡುವೆ ನಾನೂ ಆ ಹೆಸರಿಗೆ ನಕ್ಕೆ. ಅವನು ಬಸ್ಸಿನ ಕನ್ನಡಿಯಲ್ಲಿ ನನ್ನನ್ನು ನೋಡಿದ. ಆಮೇಲೆ ಗೇರು ಹಾಕಿದ.

ಈ ವರ್ಷ ಲೆಸಿಮಾನ ಮಗ ಪೆನಿ, ಅವನೂ ಹಚ್ಚೆಗಾರನೇ, ನಮ್ಮೂರಿಗೆ ಬಂದ. ನನಗೆ ಐವತ್ತು. ಹಳೆಯ ನೋಟ್‌ಬುಕ್ಕಿನ ತೋಳಪಟ್ಟಿ ಇನ್ನೂ ಹಾಗೇ ಉಳಿದಿತ್ತು. ಓಡಿ ಹೋಗಿ ಬಸ್ಸು ನಿಲ್ಲಿಸಿದೆ.

"ಲೋ, ನಾನು ತೋಳಿಗೆ, ನೀನು ತೊಡೆಗೆ. ಜೋಡಿ ಆಯ್ತಲ್ಲ! ಈ ಸಲ ಮುಗಿಸೋಣ."

ಅವನು ಎಂಜಿನ್ ಆಫ್ ಮಾಡಿ, ಸ್ಟಿಯರಿಂಗ್ ಮೇಲೆ ಎರಡೂ ಕೈ ಇಟ್ಟ. ಆಮೇಲೆ ಕೇಳಿದ: "ಒಂದು ವಾರ ಕಾಯ್ತೀಯಾ? ಡಾಕ್ಟರಿಗೆ ತೋರಿಸ್ಕೊಂಡು ಬರ್ತೀನಿ."

"ಒಂದು ವರ್ಷ ಬೇಕಾದ್ರೂ ಕಾಯ್ತೀನಿ."

ನಿಜವಾಗಿಯೂ ಕಾಯುತ್ತಿದ್ದೆ. ವಾರದ ಮೇಲೆ ಅವನು ಬಂದು ನಮ್ಮ ಜಗಲಿಯ ಮೇಲೆ ಕೂತು ಬಲಗಾಲಿನ ಚಪ್ಪಲಿ ಕಳಚಿದ. ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. "ಸಕ್ಕರೆ ಕಾಯಿಲೆಯಂತೆ. ಇದೊಂದು ಗಾಯ ಐದು ತಿಂಗಳಿಂದ ಮಾಯ್ತಿಲ್ಲ. ಇನ್ನು ಈ ಮೈಗೆ ಸೂಜಿ ಮುಟ್ಟಿಸ್ಬೇಡ, ಕಾಲೇ ಹೋಗುತ್ತೆ ಅಂದ್ರು." ನಾನು ಹೆಂಗಸಿನ ಹಾಗೆ ಅತ್ತೆ. ನನಗೂ ಬೇಡ ಎಂದೆ. "ನಾಟಕ ಆಡ್ಬೇಡ. ನೀನು ಹಾಕಿಸ್ಕೋ. ನಾನು ತಲೆ ಹಿಡ್ಕೋತೀನಿ" ಎಂದ.

ಮಲಗಿದೆ. ಅದೇ ಟಕ್ ಟಕ್. ಅದೇ ತೊಡೆಯ ಮೇಲೆ ನನ್ನ ತಲೆ. ಪಟ್ಟಿ ತೋಳಿನ ಅರ್ಧ ಸುತ್ತು ಬಂದಾಗ ನಾನು ಎದ್ದು ಕೂತೆ.

"ಸಾಕು, ಪೆನಿ. ಇದು ಅರ್ಧಕ್ಕೇ ಇರಲಿ. ಅವನದು ಅರ್ಧ ಇರೋವಾಗ ನನ್ನದೂ ಅರ್ಧ."

ಹಾಡು ನಿಂತಿತು. ಹೆಂಗಸರು ಕಣ್ಣೊರೆಸಿಕೊಂಡರು. ನನ್ನ ಎದೆ ಉಬ್ಬಿತು, ಮೂವತ್ತೊಂದು ವರ್ಷದ ಭಾರ ಇಳಿಯಿತು ಎಂದುಕೊಂಡೆ. ಫಲನಿಕೋ ಮಾತ್ರ ನನ್ನ ಕಿವಿಯ ಹತ್ತಿರ ಬಗ್ಗಿದ. ಅವನು ಅಷ್ಟು ಸಿಟ್ಟಾದದ್ದನ್ನು ನಾನು ಎಂದೂ ಕಂಡಿರಲಿಲ್ಲ.

"ನೀನು ಇದನ್ನೂ ಎಲ್ಲರಿಗೂ ತೋರಿಸ್ಕೊಂಡು ಓಡಾಡ್ತೀಯ ಕಣೋ. ನನ್ನ ಸ್ನೇಹಿತನಿಗೋಸ್ಕರ ಅಂತ ತೋಳು ಎತ್ತೆತ್ತಿ ತೋರಿಸ್ತೀಯ. ನಾನು ನನ್ನದನ್ನ ಒಬ್ಬರಿಗೂ ಕಾಣದ ಹಾಗೆ ಮುಚ್ಕೊಂಡು ಬದುಕಿದೀನಿ. ಅದೂ ಇದೂ ಒಂದಾ?"

ನಾನು ಅಂಗೈಯಿಂದ ತೋಳು ಮುಚ್ಚಿಕೊಂಡೆ. ಅವನು ನನ್ನ ಕೈ ತೆಗೆದ.

"ಮಲಗು. ಒಂದನ್ನಾದ್ರೂ ನಾವಿಬ್ಬರೂ ಕೂತು ಮುಗಿಸಿದ್ವಿ ಅಂತಾಗ್ಲಿ."

ಮಲಗಿದೆ. ಮುಗಿಯಿತು. ಈ ಸಲ ನಾನು ಕಿರುಚಲಿಲ್ಲ.

ಮಾರನೆಯ ಬೆಳಿಗ್ಗೆ ನಮ್ಮ ಮನೆಯ ಮುಂದೆ ಹಾರನ್ ಕೇಳಿಸಿತು. ಫಲನಿಕೋ ಬಸ್ಸಿನಿಂದ ಇಳಿದು, ಕುಂಟುತ್ತಾ ನನ್ನನ್ನು ಕಡಲಿಗೆ ಕರೆದೊಯ್ದ. ನೀರಿನಲ್ಲಿ ನಿಲ್ಲಿಸಿ ಅಂಗೈಯಿಂದ ತೋಳು ಉಜ್ಜಿದ. ಉರಿಗೆ ನಾನು ಹಲ್ಲು ಕಚ್ಚಿದೆ. ಸಂಜೆ ಮತ್ತೆ ಬಂದ. ಎರಡನೆಯ ದಿನವೂ ಬಂದ. "ಬಿಡೋ, ನನ್ನ ಮಗ ಉಜ್ಜುತ್ತಾನೆ" ಎಂದೆ. "ಜೋಡಿ ನಾನಾ, ನಿನ್ನ ಮಗನಾ?" ಎಂದ. ಮೂರನೆಯ ದಿನ ಸಂಜೆ ದಂಡೆಯ ಮೇಲೆ ನಿಂತ ಬಸ್ಸಿನೊಳಗಿಂದ ಜನ ಕೂಗುತ್ತಿದ್ದರು, ಹೊತ್ತಾಯಿತೆಂದು ಬೈಯುತ್ತಿದ್ದರು. ಅವನು ತಿರುಗಿಯೂ ನೋಡಲಿಲ್ಲ. ನನ್ನ ತೋಳು ಹಿಡಿದು, ಸುತ್ತಲೂ ತಿರುಗಿಸಿ ನೋಡಿ, ಕೈ ಎಟುಕದ ಹಿಂಭಾಗವನ್ನು ಇನ್ನೊಮ್ಮೆ ಉಜ್ಜಿದ.